ಬೆರಳು ತೋರಿಸಿ ಆರಿಸುವ ಒಲೆ

ಮೊದಲನೆಯ ಪಾತ್ರೆ ಸುಟ್ಟದ್ದು ನನ್ನಿಂದ, ಎರಡನೆಯದು ನನ್ನ ಮಗ ಸತೀಶನಿಂದ. ನಡೆದದ್ದು ಇಷ್ಟೇ. ನಡುವೆ ಜಪಾನಿನ ರೈಲು ನುಗ್ಗದಿದ್ದರೆ ಇದನ್ನು ಬರೆಯುವ ಕೆಲಸವೂ ಇರಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಒಂದು ಸಲ ಫೇಲು. ಆದರೆ ಗಂಡಸಿಗೆ ಒಂದು ವಾರ ಪರದೇಶ ತೋರಿಸಿದರೆ ಮನೆಯ ಹೆಂಗಸರಿಗೆ ಒಂದು ವರ್ಷ ಪಾಠ ಎಂದು ತಿಳಿಯಲು ಐದನೇ ಕ್ಲಾಸು ಬೇಕಾಗಿಲ್ಲ.

ಸತೀಶನಿಗೆ ದೋಹಾದಲ್ಲಿ ಆಫೀಸು ಕೆಲಸ. ನಾವಿರುವುದು ಅಲ್ಲಿಯ ಅಲ್ ಹಿಲಾಲ್ ಎಂಬ ಬಡಾವಣೆಯಲ್ಲಿ, ಮೂರನೇ ಮಾಳಿಗೆ. ಕಂಪನಿಯವರು ಟ್ರೈನಿಂಗ್ ಎಂದು ಅವನನ್ನು ಜಪಾನಿಗೆ ಕಳಿಸಿದರು. ಅಲ್ಲಿ ಏನು ಕಲಿತನೋ, ಹೇಳಲಿಲ್ಲ. ಬಂದವನ ಬಾಯಲ್ಲಿ ಒಂದು ರೈಲು ಮಾತ್ರ. ಸರಕಾರದ್ದಲ್ಲ, ಯಾವುದೋ ಖಾಸಗಿಯವರದ್ದು. ಎರಡೇ ಡಬ್ಬಿ, ಕೂತು ಸೆರಗು ಸರಿಮಾಡುವಷ್ಟರಲ್ಲಿ ಕೊನೆಯ ಸ್ಟೇಷನ್ನು ಬರುತ್ತದಂತೆ. ಜನರ ಹಿತ್ತಿಲು ಸವರಿಕೊಂಡು, ಒಣಹಾಕಿದ ಬಟ್ಟೆ ನೋಡಿಕೊಂಡು ಹೋಗುತ್ತದಂತೆ. ಅದರ ಡ್ರೈವರು ಬಿಳಿ ಗ್ಲೌಸು ಹಾಕಿ, ಸಿಗ್ನಲ್ಲಿಗೆ ಬೆರಳು ತೋರಿಸಿ, "ಹಸಿರು, ಸರಿ" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳುತ್ತಾನಂತೆ. ಬಾಗಿಲಿಗೂ ಹಾಗೆ, ಗಡಿಯಾರಕ್ಕೂ ಹಾಗೆ. ಹಾಗೆ ಮಾಡಿದರೆ ಮರೆವೇ ಇಲ್ಲವಂತೆ. ನಮ್ಮೂರಲ್ಲಾದರೆ ಅಂಥವನನ್ನು ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಇಲ್ಲಿಯ ಮೆಟ್ರೋಗೆ ಡ್ರೈವರೇ ಇಲ್ಲ, ನಮ್ಮ ಪುಣ್ಯ ಎಂದುಕೊಂಡೆ.

ಅದೇ ವಾರ ನಾನು ಕುಚ್ಚಲಕ್ಕಿ ಗಂಜಿ ಒಲೆಯ ಮೇಲಿಟ್ಟು ಊರಿನ ತಂಗಿಯೊಡನೆ ಫೋನಿಗೆ ಕೂತೆ. ಅವಳ ಸೊಸೆಯ ವಿಷಯ ಮುಗಿಯುವಾಗ ಗಂಜಿ ಕಪ್ಪಾಗಿತ್ತು. ಸತೀಶ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಇನ್ನು ಒಲೆ ಆರಿಸಿದಾಗಲೆಲ್ಲ ಬೆರಳು ತೋರಿಸಿ "ಗ್ಯಾಸ್ ಬಂದ್, ಸರಿ" ಎನ್ನಬೇಕು, ಇಲ್ಲದಿದ್ದರೆ ಅಮ್ಮ ಒಲೆ ಮುಟ್ಟುವುದು ಬೇಡ ಎಂದ. ಅರುವತ್ತು ವರ್ಷ ಒಲೆಯ ಮುಂದೆ ನಿಂತಿದ್ದೇನೆ, ಅದರ ಹತ್ತಿರ ಮಾತಾಡುವ ಅಭ್ಯಾಸ ನನಗಿಲ್ಲ ಎಂದೆ.

"ಹಾಗಾದರೆ ಖಲಾಸ್," ಎಂದ.

ಸೊಸೆ ಶೋಭಾ ನೀವು ಆರಾಮ ಕೂತುಕೊಳ್ಳಿ ಅತ್ತೆ ಎಂದಳು. ಅಡಿಗೆಮನೆ ಇಲ್ಲದ ಅಜ್ಜಿ ಎಂದರೆ ಊರಿನಿಂದ ಬಂದು ಬಿಚ್ಚದೆ ಉಳಿದ ಪಾರ್ಸೆಲ್ಲು. ನಾಲ್ಕು ದಿನ ಸೋಫಾದಲ್ಲಿ ಕೂತು ಪ್ಯಾಕೆಟ್ ಹಿಟ್ಟಿನ ದೋಸೆ ತಿಂದೆ. ಇನ್ನೆರಡು ದಿನ ತಿಂದಿದ್ದರೆ ಊರಿಗೆ ಟಿಕೆಟು ಮಾಡಿಸು ಎನ್ನುತ್ತಿದ್ದೆ.

ಶುಕ್ರವಾರ ರಜೆ. ಸತೀಶ ತಾನೇ ಬಂಗುಡೆ ಸಾರು ಬಿಸಿಗಿಟ್ಟ. ಕಿವಿಯಲ್ಲಿ ಮೊಬೈಲು, ದೋಹಾದಲ್ಲೇ ಮದೀನತ್ ಖಲೀಫಾ ಕಡೆ ಇರುವ ಸ್ನೇಹಿತನಿಗೆ ಅದೇ ರೈಲಿನ ವರ್ಣನೆ. ಮಾತಿನ ನಡುವೆಯೇ ಒಲೆಗೆ ಬೆರಳು ತೋರಿಸಿ, "ಗ್ಯಾಸ್ ಬಂದ್, ಸರಿ" ಎಂದು ಹೊರಗೆ ಬಂದ. ಉರಿ ನನ್ನ ಸೋಫಾಕ್ಕೇ ಕಾಣುತ್ತಿತ್ತು. ನಾನು ಏಳಲಿಲ್ಲ. ಒಳ್ಳೆಯ ಹೆಂಗಸಾಗಿದ್ದರೆ ಏಳುತ್ತಿದ್ದಳು. ಸೀದ ವಾಸನೆ ಬಾಲ್ಕನಿ ಮುಟ್ಟಿದ ಮೇಲೆ ಕೇಳಿದೆ:

"ನಿನ್ನ ಆ ಡ್ರೈವರು ಬೆರಳು ತೋರಿಸುವಾಗ ಕಣ್ಣು ಬಿಡ್ತಾನಾ ಮಾರಾಯ?"

ಶೋಭಾ ನಗು ತಡೆಯಲು ಬಾತ್ರೂಮಿಗೆ ಹೋದಳು. ಸತೀಶ ಪಾತ್ರೆ ಉಜ್ಜಲು ಕೂತ. ಒಲೆ ನನಗೆ ಮರಳಿ ಬಂತು.

ಮರುದಿನ ಬೆಳಿಗ್ಗೆ ನೀರುದೋಸೆ ಹೊಯ್ದೆ. ಎಲ್ಲರೂ ಹೊಟ್ಟೆ ತುಂಬ ತಿಂದೆದ್ದರು. ಕೈ ಒರಸಿಕೊಂಡು ಅಡಿಗೆಮನೆಯ ಬಾಗಿಲ ತನಕ ಬಂದವಳು ನಿಂತೆ. ಹಿಂದೆ ಮುಂದೆ ನೋಡಿದೆ, ಯಾರೂ ಇಲ್ಲ. ಒಲೆಯ ಕಡೆ ಬೆರಳು ತೋರಿಸಿ ಮೆಲ್ಲಗೆ "ಗ್ಯಾಸ್ ಬಂದ್" ಎಂದೆ. "ಸರಿ" ಎನ್ನಲು ಆಗಲಿಲ್ಲ, ಒಲೆ ಉರಿಯುತ್ತಿತ್ತು. ಹೋಗಿ ಆರಿಸಿದೆ, ಮತ್ತೊಮ್ಮೆ ಬೆರಳು ತೋರಿಸಿದೆ, ಸೋಫಾಕ್ಕೆ ಬಂದು ಏನೂ ಆಗದವಳಂತೆ ಕೂತೆ.