ಮೈಮೇಲೆ ದೇವರು ಬಂದವಳನ್ನು ಕಂಬಳಿಯಿಂದ ಎಬ್ಬಿಸಿಕೊಡುವ ಬಗ್ಗೆ

ಮಾಯಾಲೋಕದ ಆಟದ ನಿಯಮಪುಸ್ತಕದಲ್ಲಿ ಹುಟ್ಟುಮಾಂತ್ರಿಕರ ಬಗೆಗಿನ ನಾಲ್ಕನೇ ಅಧ್ಯಾಯವನ್ನು ಬರೆದ ಮಹನೀಯರ ಸನ್ನಿಧಾನಕ್ಕೆ, ಚಳ್ಳಕೆರೆಯಿಂದ ಶಶಿರೇಖಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಾವು ಸಾಕಿರುವ ಬೆಂಕಿಯುಗುಳುವ ಪ್ರಾಣಿಗಳೂ ಸುಖವಾಗಿರುವಿರೆಂದು ನಂಬಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ, ನನ್ನ ಹುಡುಗಿ ಒಬ್ಬಳನ್ನು ಬಿಟ್ಟು. ಅವಳ ವಿಷಯಕ್ಕೇ ಈ ಪತ್ರ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ನನ್ನ ತಮ್ಮ ಪಾಲಾಕ್ಷ ಬೆಂಗಳೂರಿನ ಫುಟ್‌ಪಾತಿನಿಂದ ತಮ್ಮ ಪುಸ್ತಕವನ್ನೂ ಇಪ್ಪತ್ತು ಮುಖದ ಒಂದು ದಾಳವನ್ನೂ ತಂದಂದಿನಿಂದ, ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ರಜೆಯಿರುವ ಭಾನುವಾರ ಮಧ್ಯಾಹ್ನಗಳಲ್ಲಿ ನಾವು ನಾಲ್ವರು ತಮ್ಮ ಆಟವನ್ನು ಶ್ರದ್ಧೆಯಿಂದ ಆಡುತ್ತಿದ್ದೇವೆ. ಎಲ್ಲೂ ಇಲ್ಲದ ಒಬ್ಬರನ್ನು ಕಲ್ಪಿಸಿಕೊಂಡು ಅವರ ಪರವಾಗಿ ಮಾತಾಡುವುದು, ಅವರು ಗೆದ್ದರೋ ಸತ್ತರೋ ಎಂಬುದನ್ನು ದಾಳಕ್ಕೆ ಬಿಡುವುದು, ಬಹಳ ಚೆಂದದ ಏರ್ಪಾಡು. ಪಾಲಾಕ್ಷ ಆಟ ನಡೆಸುತ್ತಾನೆ. ಮೊಳಕಾಲ್ಮೂರಿನ ಸೀರೆ ಅಂಗಡಿಯಿಂದ ಬಸ್ಸು ಹಿಡಿದು ಬರುವ ಅವನ ಗೆಳೆಯ ದುರುಗೇಶ ನಮ್ಮ ಬಿಲ್ಲುಗಾರ. ಪಕ್ಕದ ಮನೆಯ ಬೋರಕ್ಕನವರು ಶೇಂಗಾ ಸುಲಿಯಲು ನೆರಳು ಹುಡುಕಿಕೊಂಡು ಬಂದವರು, ಈಗ ನಮ್ಮ ಕತ್ತಿವೀರ. ನನ್ನದು ಚುಕ್ಕಿ ಎಂಬ ಹದಿನಾಲ್ಕು ವರ್ಷದ ಹುಡುಗಿ. ಅವಳ ರಕ್ತದಲ್ಲೇ ಮಂತ್ರಶಕ್ತಿ ಇತ್ತು, ಆದರೆ ಇನ್ನೂ ಹೊರಬಿದ್ದಿರಲಿಲ್ಲ.

ಇಂಥ ಶಕ್ತಿ ಹರೆಯದ ಹೊಸ್ತಿಲಲ್ಲಿ, ಭಯವೋ ಸಿಟ್ಟೋ ಉಕ್ಕಿದ ಗಳಿಗೆಯಲ್ಲಿ ತಾನಾಗಿಯೇ ಪ್ರಕಟವಾಗುತ್ತದೆ, ಆಗ ಮೈ ನಡುಗುತ್ತದೆ, ಕಣ್ಣು ಕೆಂಪಾಗುತ್ತದೆ, ದನಿ ಬದಲಾಗುತ್ತದೆ ಎಂದು ತಾವು ಬರೆದಿದ್ದೀರಿ. ಬರೆಯುವ ಮುನ್ನ ನಮ್ಮ ಕಡೆಯವರನ್ನು ಒಂದು ಮಾತು ಕೇಳಬಹುದಿತ್ತು.

ಈ ವರ್ಷ ಯುಗಾದಿ ಕಳೆದ ಮೇಲಿನ ಒಂದು ಭಾನುವಾರ, ಪಾಲಾಕ್ಷನ ಮಾಯಾಲೋಕದ ಹುಲ್ಲುಗಾವಲಿನಲ್ಲಿ (ಅದು ಯಾವಾಗಲೂ ನಮ್ಮ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಕಾವಲಿನ ಹಾಗೇ ಇರುತ್ತದೆ) ಎತ್ತಿನ ಗಾತ್ರದ ತೋಳವೊಂದು ನಮ್ಮ ಮೇಲೆ ಎರಗಿತು. ನಾನು ದಾಳ ಎಸೆದೆ, ಇಪ್ಪತ್ತು ಬಿತ್ತು. ‘ಅಕ್ಕಾ, ನಿನ್ನ ಹುಡ್ಗಿಗೆ ಶಕ್ತಿ ಬಂತು’ ಎಂದು ಪಾಲಾಕ್ಷ ತಮ್ಮ ವಾಕ್ಯಗಳನ್ನು ಭಾವಪೂರ್ಣವಾಗಿ ಓದಿದ. ಚುಕ್ಕಿಯ ಮೈ ನಡುಗಿತು, ಕಣ್ಣು ಕೆಂಪಾಯಿತು, ದನಿ ಬದಲಾಯಿತು. ನಾನಿನ್ನು ಬೆಂಕಿಯುಂಡೆ ಎಸೆಯಬೇಕು, ಅಷ್ಟರಲ್ಲಿ ಬೋರಕ್ಕನವರ ಕತ್ತಿವೀರ ಕತ್ತಿ ಕೆಳಗಿಟ್ಟು, ಹೆಗಲ ಕಂಬಳಿ ಹಾಸಿ, ಚುಕ್ಕಿಯನ್ನು ಕೂರಿಸಿ ಕೈಮುಗಿದುಬಿಟ್ಟ. ‘ಯಾರವ್ವ ತಾಯಿ ನೀನು? ಹೆಸ್ರು ಹೇಳು. ನಮ್ಮಿಂದ ಏನ್ ತಪ್ಪಾಗೈತೆ?’ ಮೈಮೇಲೆ ಬಂದ ದೇವರು ಆಂಧ್ರದ ಗಡಿಯಾಚೆಯದೂ ಇರಬಹುದೆಂದು ದುರುಗೇಶ ‘ನುವ್ವು ಎವರಮ್ಮಾ’ ಎಂದು ತೆಲುಗಿನಲ್ಲೂ ಒಮ್ಮೆ ವಿಚಾರಿಸಿದ. ತೋಳ ಪಾಪ ಕಾಯುತ್ತ ನಿಂತಿತ್ತು. ಇದು ದೇವರಲ್ಲವೆಂದು ಆಟ ನಡೆಸುವವನಾದರೂ ಹೇಳಬೇಡವೇ? ಅವನೇ ದಾಳವನ್ನು ಬದಿಗಿಟ್ಟು, ತನಗೆ ಚಿತ್ರದುರ್ಗಕ್ಕೆ ವರ್ಗವಾಗುವುದೋ ಇಲ್ಲವೋ ಎಂದು ಚುಕ್ಕಿಯನ್ನು ಕೇಳಿದ.

ಅಂದು ಕೂತವಳು ಇನ್ನೂ ಎದ್ದಿಲ್ಲ. ಅವಳು ನೆಲ ತುಳಿಯುವಂತಿಲ್ಲ, ಕಂಡವರ ಕೈಯಲ್ಲಿ ಉಣ್ಣುವಂತಿಲ್ಲ, ಹೊಳೆ ದಾಟುವಂತಿಲ್ಲ. ಕೋಟೆ ಹತ್ತುವುದು, ಗುಹೆ ಹೊಗುವುದು ಎಲ್ಲ ಉಳಿದಿಬ್ಬರ ಪಾಲಿಗೆ. ಬರುವಾಗ ಅವಳಿಗೊಂದು ತೆಂಗಿನಕಾಯಿ ತರುತ್ತಾರೆ. ದೇವರ ಮಾತನ್ನು ಯಾರೂ ಮೀರುವುದಿಲ್ಲವಲ್ಲ ಎಂದು ಜಾಣತನ ಮಾಡಿ, ‘ನಾನು ಹೊರಡಬೇಕು’ ಎಂದು ಅವಳ ಬಾಯಲ್ಲಿ ಅಪ್ಪಣೆ ಕೊಡಿಸಿದೆ. ಭಕ್ತರು ಸಂತೋಷದಿಂದ ಪಲ್ಲಕ್ಕಿ ಕಟ್ಟಿ, ಅವಳನ್ನು ಊರೆಲ್ಲ ಮೆರೆಸಿ, ವಾಪಸು ತಂದು ಅದೇ ಕಂಬಳಿಯ ಮೇಲೆ ಕೂರಿಸಿದರು. ತಮ್ಮ ಅಧ್ಯಾಯದ ಪ್ರಭಾವ ಇಷ್ಟು ದೂರದವರೆಗೆ ಹಬ್ಬಿರುವುದಕ್ಕೆ ಅಭಿನಂದನೆಗಳು.

ಆಟದ ಹುಡುಗಿ ಕೂತರೇನು, ನಿಂತರೇನು ಎಂದು ತಾವು ಕೇಳಬಹುದು. ಮಾನ್ಯರೇ, ಅದೇ ವಯಸ್ಸಿನಲ್ಲಿ ನಾನು ತಾಲ್ಲೂಕು ಕ್ರೀಡಾಕೂಟದ ಓಟದಲ್ಲಿ ಮೊದಲು ಬಂದಿದ್ದೆ. ಮುಂದಿನ ತಿಂಗಳು ಮೈನೆರೆದೆ. ಒಸಗೆ ಮಾಡಿ, ಆರತಿ ಎತ್ತಿ, ಮೂಲೆಯಲ್ಲಿ ಕೂರಿಸಿದರು. ಜಿಲ್ಲೆಯ ಓಟಕ್ಕೆ ಬೇರೆ ಯಾರೋ ಹೋದರು. ಆಮೇಲೆ ಟೈಪ್‌ರೈಟರಿನ ಮುಂದೆ ಕೂತವಳು ಇನ್ನೂ ಕೂತೇ ಇದ್ದೇನೆ. ನಮ್ಮ ಕಡೆ ಹುಡುಗಿಯಲ್ಲಿ ಏನು ಕಾಣಿಸಿಕೊಂಡರೂ ಮೊದಲು ಅವಳನ್ನು ಕೂರಿಸುತ್ತಾರೆ. ಚುಕ್ಕಿಯಾದರೂ ಓಡಲಿ ಎಂದು ಆಸೆಪಟ್ಟಿದ್ದೆ, ಅದಕ್ಕೇ ಇಷ್ಟು ಹೊಟ್ಟೆ ಉರಿಯುವುದು.

ಆದಕಾರಣ, ಈ ಶಕ್ತಿ ಇನ್ನು ಮುಂದೆ ಐವತ್ತು ದಾಟಿದ ಮೇಲೆ, ಯಾರೂ ನೋಡದಿರುವಾಗ ಬರುವಂತೆ ತಾವು ತಿದ್ದುಪಡಿ ಮಾಡಬೇಕು. ನಡುಕದ ಜಾಗದಲ್ಲಿ ಸೀನನ್ನು ಇಡಬೇಕು. ಸೀನಿದವರಿಗೆ ಇಲ್ಲಿ ಯಾರೂ ಕಾಯಿ ಒಡೆಯುವುದಿಲ್ಲ. ಎರಡೂ ಆಗದಿದ್ದರೆ ತಾವೇ ಖುದ್ದಾಗಿ ಬಂದು ಬೋರಕ್ಕನವರಿಗೆ ತಿಳಿಹೇಳಬೇಕು. ಬಂದಾಗ ದಯವಿಟ್ಟು ಮೈ ನಡುಗಿಸಬೇಡಿ, ನಮ್ಮ ಮನೆಯಲ್ಲಿ ಇನ್ನೊಂದು ಕಂಬಳಿ ಇದೆ.

ಇಷ್ಟು ಟೈಪು ಮಾಡಿ, ಹೋದ ಭಾನುವಾರ ಬೋರಕ್ಕನವರಿಗೆ ಓದಿ ಹೇಳಿದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿ, ‘ನಾನು ಏಳು ವರ್ಸಕ್ಕೇ ಕುರಿ ಹಿಂದೆ ಬಿದ್ದೋಳು ಕಣವ್ವ. ನಡ್ದೂ ನಡ್ದೂ ಸಾಕಾಗೈತೆ. ಆ ಹುಡ್ಗಿ ಕುಂತಿರೋದು ನೋಡಿದ್ರೆ ನಂಗೆ ಎಷ್ಟು ಸಮಾಧಾನ ಗೊತ್ತಾ? ಯಾರೂ ಅವಳ್ನ ಏಳು ಅನ್ನಂಗಿಲ್ಲ’ ಎಂದರು. ಹಾಗಾದರೆ ಪಾತ್ರ ಬದಲಾಯಿಸಿಕೊಳ್ಳೋಣವೇ ಎಂದು ನಾನೇ ಕೇಳಿದೆ. ಹಾಗೆ ಮಾಡಕೂಡದೆಂದು ತಮ್ಮ ಪುಸ್ತಕದಲ್ಲಿದೆಯಂತೆ. ಪಾಲಾಕ್ಷ ಪುಟ ತೆಗೆದು ತೋರಿಸಿದ. ಬೋರಕ್ಕನವರು ಆ ಪುಟದ ಮೇಲೆ ಮಡಿಲಿನ ಸಿಪ್ಪೆಯನ್ನೆಲ್ಲ ಸುರಿದರು. ಈಗ ಚುಕ್ಕಿಯೂ ಕಂಬಳಿಯೂ ಅವರದು, ಕತ್ತಿ ನನ್ನದು. ನಾನು ಹೊಳೆ ದಾಟಿ ಬಹಳ ದೂರ ಬಂದುಬಿಟ್ಟಿದ್ದೇನೆ, ಆದ್ದರಿಂದ ಮೇಲಿನ ಬೇಡಿಕೆಗಳಿಗೆ ತಾವು ಆತುರಪಡಬೇಕಾಗಿಲ್ಲ.

ಕತ್ತಿಯನ್ನು ಎಡಗೈಗೆ ದಾಟಿಸಿ ಸಹಿ ಮಾಡಿರುವ,
ತಮ್ಮ ವಿಶ್ವಾಸಿ,
ಶಶಿರೇಖಾ

ಬರೆಯಲು ಮರೆತದ್ದು: ಬೋರಕ್ಕನವರು ಕಂಬಳಿಯ ಮೇಲೆ ಕೂತು ಕೊಟ್ಟ ಮೊದಲ ಅಪ್ಪಣೆ, ‘ಪಾಲಾಕ್ಷಪ್ಪ ಎದ್ದೋಗಿ ಎಲ್ರಿಗೂ ಟೀ ಮಾಡ್ಕೊಂಡ್ ಬರ್ಲಿ’ ಎಂಬುದು. ದೇವರ ಮಾತು ಮೀರಲಾರದೆ ಅವನು ಮೂವತ್ತಾರು ವರ್ಷಕ್ಕೆ ಮೊದಲ ಸಲ ಟೀ ಮಾಡಿಕೊಂಡು ಬಂದ, ಚೆನ್ನಾಗಿಯೇ ಇತ್ತು. ಗಂಡಸರಲ್ಲಿ ಈ ಹುಟ್ಟುಶಕ್ತಿ ಮೂವತ್ತಾರನೇ ವಯಸ್ಸಿಗೆ ಪ್ರಕಟವಾಗುತ್ತದೆಂದು ಮುಂದಿನ ಮುದ್ರಣದಲ್ಲಿ ದಯಮಾಡಿ ಸೇರಿಸಿಕೊಳ್ಳಿ.