ಕುರಾಮೊಚಿಯ ಕಣ್ಣು ಬಿದ್ದರೆ

ಎಲ್ಲಾ ಕೆಟ್ಟದ್ದು ಅರ್ಧ ತೋಫುವಿನಿಂದ. ದಿನವೂ ಒಂದು ಇಡೀ ತೋಫು ಒಯ್ಯುತ್ತಿದ್ದ ಫುಸಾಎ ಅವತ್ತು ಬೆಳಿಗ್ಗೆ ಅರ್ಧ ಸಾಕೆಂದಳು. ಅಂಗಡಿಯ ಓಕಾನೊ ಅಜ್ಜಿ ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಯಾಕಮ್ಮಾ, ಯಜಮಾನರಿಗೆ ಹುಷಾರಿಲ್ವಾ?"

"ಹುಷಾರಾಗೇ ಇದಾರೆ. ಮಧ್ಯಾಹ್ನ ಊಟಕ್ಕೆ ಇರಲ್ಲ ಅಷ್ಟೆ. ಲಾಟರೀಲಿ ಟಿಕೆಟ್ ಬಂದಿದೆ, ಆಟ ನೋಡೋಕೆ ಹೋಗ್ತಾರೆ" ಎಂದವಳೇ ಫುಸಾಎ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಗಲೇ ಬೀದಿಗೆ ಇಳಿದಾಗಿತ್ತು.

ಒಸಾಕಾ ಕೊಲ್ಲಿಯ ದಡದ ಆ ಅಂಗಡಿ ಬೀದಿಯಲ್ಲಿ ಆಟವೆಂದರೆ ಬೇಸ್‌ಬಾಲ್, ತಂಡವೆಂದರೆ ಕ್ರೇನ್ಸ್. ಮೂವತ್ತೆಂಟು ವರ್ಷ ಎಲ್ಲರ ಕೈಲೂ ಸೋತು ಸುಣ್ಣವಾಗಿದ್ದ ಕ್ರೇನ್ಸ್ ಕಳೆದ ವರ್ಷದ ಕೊನೆಗೆ ಚಾಂಪಿಯನ್ ಆಗಿಬಿಟ್ಟಿತ್ತು. ಇವತ್ತು ಹೊಸ ಸೀಸನ್ನಿನ ಮೊದಲ ಆಟ. ಅದನ್ನು ನೋಡಲು ಫುಸಾಎಯ ಗಂಡ, ಕೊಡೆ ರಿಪೇರಿಯ ಕುರಾಮೊಚಿ ಹೋಗುವುದೆಂದರೆ ಹಾಲಿನ ಪಾತ್ರೆಯ ಕಡೆಗೆ ನಿಂಬೆಹಣ್ಣು ಹೊರಟ ಹಾಗೆ.

ಏಕೆಂದರೆ ಅವನು ನೋಡಿದರೆ ತಂಡ ಸೋಲುತ್ತದೆ. ಇದು ಬೀದಿಯವರೆಲ್ಲ ಸೇರಿ ಕಂಡುಕೊಂಡ ಸತ್ಯ. ಕಳೆದ ವರ್ಷದ ಫೈನಲ್ ಪಂದ್ಯಗಳನ್ನು ಎಲ್ಲರೂ ಇವಾಸೆಯ ಮೀನಂಗಡಿಯ ಟಿ.ವಿ.ಯಲ್ಲಿ ನೋಡಿದ್ದರು. ಕುರಾಮೊಚಿ ತಲೆಯೆತ್ತಿದಾಗಲೆಲ್ಲ ಎದುರಾಳಿಗಳು ಹೋಮ್ ರನ್ ಹೊಡೆದರು. ಅವನು ಮೂತ್ರಕ್ಕೆ ಎದ್ದುಹೋದಾಗ ಕ್ರೇನ್ಸ್ ಮೂರು ರನ್ ಗಳಿಸಿತು. ಆಮೇಲೆ ಅವನನ್ನು ಯಾರೂ ಒಳಗೆ ಬಿಡಲಿಲ್ಲ. ಕಪ್ ಗೆದ್ದ ಗಳಿಗೆಯಲ್ಲಿ ಅವನು ಅಂಗಡಿಯ ಹಿಂದೆ ಐಸ್ ಪೆಟ್ಟಿಗೆಗಳ ನಡುವೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಓಡಿ ಬರುವಷ್ಟರಲ್ಲಿ ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಮರುಪ್ರಸಾರ ಬಂದಾಗಲೂ ಇವಾಸೆ ಟಿ.ವಿ. ಆರಿಸಿದ. "ಸುಮ್ನಿರಪ್ಪಾ, ನೀನು ಆಗಿಹೋದ ಆಟಾನೂ ಕೆಡಿಸ್ತೀಯ" ಎಂದ.

ಐವತ್ತಾರು ವರ್ಷದ ಕುರಾಮೊಚಿಗೆ ಬದುಕಿನಲ್ಲಿ ದೊಡ್ಡ ಆಸೆಗಳೇನೂ ಇರಲಿಲ್ಲ. ತನ್ನ ತಂಡ ಗೆಲ್ಲುವುದನ್ನು ಒಂದು ಸಲ, ಒಂದೇ ಒಂದು ಸಲ ಕಣ್ಣಾರೆ ನೋಡಬೇಕಿತ್ತು, ಅಷ್ಟೆ.

ಎಂಟು ಗಂಟೆಗೆ ಅಂಗಡಿ ಬಾಗಿಲು ತೆಗೆದರೆ ಎದುರಿಗೆ ಸಾಲು ನಿಂತಿತ್ತು. ಆಕಾಶದಲ್ಲಿ ಮೋಡದ ಚೂರಿಲ್ಲ, ಆದರೂ ಪ್ರತಿಯೊಬ್ಬರ ಕೈಯಲ್ಲೂ ಒಂದು ಮುರಿದ ಕೊಡೆ. ಎಲ್ಲರಿಗಿಂತ ಮುಂದೆ ಇವಾಸೆ, ಕಂಕುಳಲ್ಲಿ ಐದು.

"ಸಂಜೆಯೊಳಗೆ ಆಗ್ಬೇಕು" ಎಂದ ಇವಾಸೆ.

"ಇದರ ಕಡ್ಡೀನ ಈಗಷ್ಟೇ ಮುರಿದ ಹಾಗಿದೆ."

"ಯಾವಾಗ ಮುರಿದ್ರೇನಯ್ಯಾ, ಮುರಿದಿದೆ ತಾನೇ? ರಿಪೇರಿ ಮಾಡು."

ಕುರಾಮೊಚಿ ಹನ್ನೊಂದರವರೆಗೆ ತಲೆಬಗ್ಗಿಸಿ ದುಡಿದ. ಒಂದು ಮುಗಿದರೆ ಎರಡು ಬರುತ್ತಿದ್ದವು. ಕಡೆಗೆ ಫುಸಾಎ ಅವನ ಕೈಯಿಂದ ಇಕ್ಕಳ ಕಿತ್ತುಕೊಂಡು, ಅನ್ನದುಂಡೆಯ ಪೊಟ್ಟಣ ಕೊಟ್ಟು, ಹಿಂಬಾಗಿಲು ತೋರಿಸಿದಳು. "ಹೋಗಿ. ಬಾಯಿಬಿಟ್ಟು ಕೆಡಿಸಿದ್ದು ನಾನು. ಇವರನ್ನ ನಾನು ನೋಡ್ಕೋತೀನಿ."

ರೈಲು ನಿಲ್ದಾಣದ ಗೇಟಿನ ಬಳಿ ಮಡಚು ಕುರ್ಚಿ ಹಾಕಿಕೊಂಡು ಓಕಾನೊ ಅಜ್ಜಿ ಕೂತಿದ್ದಳು. ಎಂಬತ್ತಮೂರರ ಮುದುಕಿಗೆ ಅವನು ಹಿಂಬಾಗಿಲಿಂದಲೇ ಬರುತ್ತಾನೆಂದು ಗೊತ್ತಿತ್ತು.

"ಹೋಗ್ಬೇಡ ಅನ್ನಲ್ಲ ಕಣೋ" ಎಂದಳು. "ಮೊದಲ ಕಪ್ ಬರೋಕೆ ಮೂವತ್ತೆಂಟು ವರ್ಷ ಆಯ್ತು. ಇನ್ನೊಂದಕ್ಕೆ ಅಷ್ಟು ಕಾಯೋಕೆ ನನ್ ಕೈಲಾಗಲ್ಲ. ಅದಕ್ಕೇ ಈ ವರ್ಷವೇ ನೋಡಿಬಿಡೋಣ ಅಂತಿದ್ದೆ. ಇರಲಿ, ಹೋಗು."

ಬೈದಿದ್ದರೆ ಕುರಾಮೊಚಿಗೆ ಸುಲಭವಾಗುತ್ತಿತ್ತು. ಅವನು ಸೊಂಟ ಮುರಿಯುವ ಹಾಗೆ ಬಗ್ಗಿ ನಮಸ್ಕರಿಸಿ, ಅದೇ ಭಂಗಿಯಲ್ಲಿ ಅವಳ ಪಕ್ಕದಿಂದ ನುಸುಳಿ ರೈಲು ಹತ್ತಿದ.

ಕ್ರೀಡಾಂಗಣದ ಬಾಗಿಲಲ್ಲಿ ಬಂದವರಿಗೆಲ್ಲ ತಂಡದ ಹೆಸರಿನ ಕೆಂಪು ಟವೆಲ್ ಹಂಚುತ್ತಿದ್ದರು. ಆಟಕ್ಕೆ ಮುಂಚೆ ಚಾಂಪಿಯನ್ ಬಾವುಟ ಮೇಲೇರಿತು. ನಲವತ್ತು ಸಾವಿರ ಜನ ಹಾಡಿದರು. ಕುರಾಮೊಚಿ ಅತ್ತುಬಿಟ್ಟ. ಕಣ್ಣೊರೆಸಿಕೊಂಡು ನೋಡುವಾಗ ಎದುರಾಳಿಯ ಮೊದಲ ಆಟಗಾರ ಮೊದಲ ಚೆಂಡನ್ನೇ ಗ್ಯಾಲರಿಗೆ ಎತ್ತಿ ಹಾಕಿದ್ದ.

ಏಳನೇ ಇನಿಂಗ್ಸ್ ಹೊತ್ತಿಗೆ ನಾಲ್ಕು–ಸೊನ್ನೆ. ಎಲ್ಲರೂ ಪದ್ಧತಿಯಂತೆ ಉದ್ದನೆಯ ಬಲೂನು ಊದಿ ಆಕಾಶಕ್ಕೆ ಬಿಟ್ಟರು. ಕುರಾಮೊಚಿಯದು ಪಕ್ಕದವನ ಬಿಯರ್ ಲೋಟಕ್ಕೆ ಹೋಗಿ ಬಿತ್ತು. ಅವನು ಕ್ಷಮೆ ಕೇಳಿ ಹೊಸ ಬಿಯರ್ ತರಲು ಹೋದ. ತಂದು ಕೊಡುವಷ್ಟರಲ್ಲಿ ಕ್ರೇನ್ಸ್ ಮೂರು ರನ್ ಗಳಿಸಿತ್ತು. ಅವನು ಸ್ಕೋರ್ ಬೋರ್ಡನ್ನೂ ಬಿಯರ್ ಲೋಟವನ್ನೂ ಒಂದಾದ ಮೇಲೊಂದು ನೋಡಿದ.

ಒಂಬತ್ತನೆಯದು ಕೊನೆಯ ಇನಿಂಗ್ಸ್. ಇನ್ನೂ ಒಂದು ರನ್ ಹಿಂದೆ, ಇಬ್ಬರು ಔಟ್, ಇಬ್ಬರು ಓಡಲು ಸಿದ್ಧರಾಗಿ ನಿಂತಿದ್ದಾರೆ. ಒಂದು ಒಳ್ಳೆಯ ಹೊಡೆತ ಬಿದ್ದರೆ ಗೆಲುವು, ತಪ್ಪಿದರೆ ಮನೆ. ದಾಂಡು ಹಿಡಿದು ಬಂದವನು ತೊಕುಮಾರು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

"ನಾನು ಇವಾಸೆ. ಬಯ್ಯೋಕೆ ಮಾಡಿಲ್ಲ" ಎಂದಿತು ದನಿ. "ಅಜ್ಜಿ ಟಿ.ವಿ. ಮುಂದೆ ಕೈಮುಗಿದು ಕೂತಿದಾಳೆ. ಅಷ್ಟೇ. ಇಡ್ತೀನಿ."

ಕುರಾಮೊಚಿ ಮೈದಾನ ನೋಡಿದ. ಇದನ್ನು ನೋಡಲೆಂದೇ ಬಂದದ್ದು. ಇಷ್ಟು ಹತ್ತಿರ ಅವನು ಯಾವತ್ತೂ ಬಂದಿರಲಿಲ್ಲ. ಮನಸ್ಸಿನಲ್ಲಿ ತೊಕುಮಾರುವಿಗಿಂತ ದೊಡ್ಡದಾಗಿ ಆ ಮಡಚು ಕುರ್ಚಿಯ ಮುದುಕಿ ನಿಂತಿದ್ದಳು. "ಹಾಳಾಗಿ ಹೋಗಲಿ" ಎಂದುಕೊಂಡು ಟವೆಲನ್ನು ಮುಖಕ್ಕೆ ಸುತ್ತಿ, ಹಿಂದೆ ಬಿಗಿಯಾಗಿ ಗಂಟು ಹಾಕಿದ.

ಟಕ್ ಎಂದಿತು. ಆಮೇಲೆ ನಲವತ್ತು ಸಾವಿರ ಗಂಟಲು ಒಟ್ಟಿಗೆ ಹರಿದವು. ಗಡಿಬಿಡಿಯಲ್ಲಿ ಗಂಟು ಬೇಗ ಬಿಚ್ಚಲಾಗಲಿಲ್ಲ. ಬಿಚ್ಚಿಕೊಂಡು ನೋಡಿದಾಗ ಗೆದ್ದ ಕ್ರೇನ್ಸ್ ಆಟಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗಿದ್ದರು.

"ಎಂಥಾ ಹೊಡೆತ. ನೋಡಿದ್ರಾ?" ಎಂದು ಬಿಯರಿನವನು ತಬ್ಬಿಕೊಂಡ.

"ನೋಡ್ದೆ, ನೋಡ್ದೆ" ಎಂದ ಕುರಾಮೊಚಿ. ದುಃಖಕ್ಕಿಂತ ಸಂತೋಷವೇ ಒಂದು ತೂಕ ಹೆಚ್ಚಾಗಿತ್ತು.

ಊರಿನ ನಿಲ್ದಾಣದಲ್ಲಿ ಇಳಿದರೆ ಇಡೀ ಬೀದಿ ಕಾದಿತ್ತು. ಅವನು ಹೆದರಿ ಮತ್ತೆ ರೈಲು ಹತ್ತಲು ತಿರುಗಿದ. ಅಷ್ಟರಲ್ಲಿ ಚಪ್ಪಾಳೆ ಬಿತ್ತು.

"ಟಿ.ವಿ.ಲಿ ತೋರಿಸಿದ್ರು ಕಣಯ್ಯಾ" ಎಂದ ಇವಾಸೆ, ಕಣ್ಣು ಕೆಂಪಗಾಗಿತ್ತು. "ನೀನು ಟವೆಲ್ ಕಟ್ಕೊಂಡೆ, ಮುಂದಿನ ಚೆಂಡಿಗೇ ತೊಕುಮಾರು ಹೊಡೆದ. ನಾವು ಇಷ್ಟು ದಿನ ನಿನ್ನ ದೂರ ಇಟ್ಟು ತಪ್ಪು ಮಾಡಿದ್ವಿ. ನೀನು ಅಲ್ಲೇ ಇರ್ಬೇಕಾದವನು. ಬೀದಿ ಸಂಘಕ್ಕೆ ವರ್ಷಪೂರ್ತಿ ಎರಡು ಸೀಟು ಇದೆಯಲ್ಲ, ಸರದಿ ಮೇಲೆ ಹೋಗ್ತೀವಲ್ಲ? ಈಗಷ್ಟೇ ತೀರ್ಮಾನ ಆಯ್ತು. ಇನ್ನು ಅದರಲ್ಲಿ ಒಂದು ನಿಂದೇ. ಎಲ್ಲಾ ಆಟಕ್ಕೂ. ಬ್ಯಾಟ್ ಬೀಸೋನ ಬೆನ್ನ ಹಿಂದೇನೇ."

ಕುರಾಮೊಚಿಯ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿಂದ ಚೆಂಡಿನ ಹೊಲಿಗೆಯೂ ಕಾಣುತ್ತದೆಂದು ಜನ ಹೇಳುತ್ತಿದ್ದರು. ಫುಸಾಎ ಮಾತ್ರ ಯಾಕೋ ಅವನ ಮುಖ ನೋಡದೆ ನಿಂತಿದ್ದಳು.

ಓಕಾನೊ ಅಜ್ಜಿ ಮುಂದೆ ಬಂದು ಅವನ ಕೈಗೆ ಒಂದು ಕಪ್ಪು ಚೀಲ ಇಟ್ಟಳು. ದಾರದ ತುದಿಯಲ್ಲಿ ಸೂಜಿ ಇನ್ನೂ ನೇತಾಡುತ್ತಿತ್ತು.

"ಟವೆಲಾದ್ರೆ ಸಂದೀಲಿ ಬೆಳಕು ಬರುತ್ತೆ" ಎಂದಳು. "ಇದು ಎರಡು ಪದರ. ಕತ್ತಿನವರೆಗೂ ಬರುತ್ತೆ. ಉಸಿರಿಗೆ ತೂತು ಬಿಟ್ಟಿದೀನಿ, ಕಣ್ಣಿಗೆ ಬಿಟ್ಟಿಲ್ಲ."

ಇವಾಸೆ ಅವನ ಹೆಗಲ ಮೇಲೆ ಕೈ ಹಾಕಿದ.

"ಯೋಚನೆ ಮಾಡ್ಬೇಡ, ಪಕ್ಕದ ಸೀಟಲ್ಲಿ ನಾನೇ ಇರ್ತೀನಿ. ಏನೇನಾಯ್ತು ಅಂತ ಹೇಳ್ತಾ ಇರ್ತೀನಿ."