ಅತ್ತೆಯ ಉಪ್ಪುಮೀನಿನ ಹದ

ಅತ್ತೆಯ ಎದುರು ನೋಟುಬುಕ್ಕು ಹಿಡಿದು ಕೂತರೆ ಏನಾದರೊಂದು ತಮಾಷೆ ಆಗದ ದಿನವೇ ಇರಲಿಲ್ಲ. ನಾವು ಕುಂದಾಪುರದ ಕಡಲ ದಂಡೆಯ ಮೀನುಗಾರರು; ಐವತ್ತರ ದಶಕದಲ್ಲಿ ತಮಿಳು ಸೀಮೆಯ ಪೊಳ್ಳಾಚಿಯಲ್ಲಿ ನಮ್ಮದೊಂದು ಒಣಮೀನಿನ ಅಂಗಡಿಯಿತ್ತು. ಅತ್ತೆಯ ಅಕ್ಕ ತೀರಿಕೊಂಡಾಗ ಸಿಗಡಿ ಒಣಗಿಸುವ ಹದ ಅವರ ಜೊತೆಗೇ ಹೋಗಿತ್ತು. ಬಂಗುಡೆಯ ಹದ ಬಲ್ಲವರು ಮನೆತನದಲ್ಲಿ ಇನ್ನು ಅತ್ತೆಯೊಬ್ಬರೇ. ಅದೂ ಹೋಗಬಾರದೆಂದು ಬಿ.ಎ. ಓದಿದ ಸೊಸೆ ನಾನು ಬರೆಯಲು ಕೂತೆ.

೧. ಹಿಡಿ ಉಪ್ಪು

“ಒಂದು ಮೀನಿಗೆ ಉಪ್ಪು ಎಷ್ಟು ಅತ್ತೆ?”

“ಒಂದು ಹಿಡಿ.”

ಅವರು ಹಿಡಿದ ಉಪ್ಪನ್ನೆಲ್ಲ ತಕ್ಕಡಿಗೆ ಸುರಿಸಿಕೊಂಡೆ. ಮೂರು ಸಲವೂ ಮೂರು ತೂಕ.

“ಒಂದರ ಹಾಗೆ ಒಂದಿಲ್ಲವಲ್ಲ ಅತ್ತೆ!”

“ಮೀನು ಇದೆಯೇನೇ ಒಂದರ ಹಾಗೆ ಒಂದು? ಅಷ್ಟು ವರ್ಷ ಕಾಲೇಜಿಗೆ ಹೋದೆ, ಮೀನಿನ ಮುಖ ನೋಡೋದು ಕಲಿಸಲಿಲ್ಲವಾ?”

೨. ಮಾಳಿಗೆಯ ಮೀನು

ನಾವು ಮಾಳಿಗೆಯ ಮೇಲೆ ಮೀನು ಒಣಗಿಸುತ್ತಿದ್ದೆವು. ಪಕ್ಕದ ಅಂಗಳದಲ್ಲಿ ಮನೆ ಮಾಲೀಕ ಗೌಂಡರ ಕೊಬ್ಬರಿ. ಒಂದು ದಿನ ಅವರು ಮೂಗಿಗೆ ಟವೆಲ್ ಹಿಡಿದು ಬಂದರು. “ನನ್ನ ಕೊಬ್ಬರಿಗೆ ವಾಸನೆ ಹತ್ತುತ್ತೆ. ಮೀನು ಇಳಿಸಿ, ಇಲ್ಲ ಮನೆ ಖಾಲಿ ಮಾಡಿ!”

ಅತ್ತೆ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದರು. “ಗಾಳಿ ತಿರುಗಿ ಪಾಲಕ್ಕಾಡು ಕಡೆಯಿಂದ ಬರ್ತಿದೆ. ಮಧ್ಯಾಹ್ನ ಮಳೆ. ನಾನು ಇಳಿಸ್ತೀನಿ, ನೀವೂ ಕೊಬ್ಬರಿ ತೆಗೀರಿ.”

ಗೌಂಡರು ನಕ್ಕು ಹೋದರು. ಮಧ್ಯಾಹ್ನ ಮಳೆ ಸುರಿದು ಕೊಬ್ಬರಿಯೆಲ್ಲ ತೊಯ್ದಿತು. ಮನೆ ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ಆಮೇಲೆ ನಮ್ಮ ಮೀನು ಮಾಳಿಗೆ ಏರಿದ್ದನ್ನು ನೋಡಿಯೇ ಅವರು ಕೊಬ್ಬರಿ ಹರಡುತ್ತಿದ್ದರು. ಒಂದು ವಾರ ಕಡಲ ಕಡೆಯಿಂದ ಮೀನು ಬರಲಿಲ್ಲ. ಗೌಂಡರು ಟವೆಲ್ ಇಲ್ಲದೆಯೇ ಬಾಗಿಲಿಗೆ ಬಂದರು.

“ಎನ್ನಮ್ಮಾ ಇದು, ಮೀನು ಹಾಕದಿದ್ದರೆ ನನ್ನ ಕೊಬ್ಬರಿ ಒಣಗೋದು ಯಾವಾಗ?”

೩. ಓದಿ ಹೇಳಿದ್ದು

ನೋಟುಬುಕ್ಕು ತುಂಬಿತು. ಅತ್ತೆಗೆ ಓದು ಬರದು. ತಪ್ಪಿದ್ದರೆ ತಿದ್ದಲೆಂದು ನಾನೇ ಓದಿ ಹೇಳಿದೆ. ಕಾಲೇಜಿನ ಅಭ್ಯಾಸದಂತೆ ಹೆಸರು ಹಾಕದೆ ‘ಈ ಹಿರಿಯ ಹೆಂಗಸು’ ಎಂದೇ ಬರೆದಿದ್ದೆ. ಆಡಿದ ಮಾತು ಒಂದನ್ನೂ ಬಿಟ್ಟಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಕೆಲಸ ಬಲ್ಲವಳು. ಹದ ಒಂದೂ ತಪ್ಪಿಲ್ಲ.”

ನನಗೆ ಹೋದ ಜೀವ ಬಂದಂತಾಯಿತು.

“ಆದರೆ ಬಾಯಿ ಜೋರು. ಜಂಬವೂ ಜಾಸ್ತಿ. ಪಾಪ, ಇವಳ ಸೊಸೆ ಹೇಗೆ ಬಾಳ್ತಾಳೋ! ಯಾವ ಊರಿನವಳೇ?”

“ಇದು ನೀವೇ, ಅತ್ತೆ.”

ಅತ್ತೆ ಸೆರಗು ಸರಿಮಾಡಿಕೊಂಡರು. “ಈಗ ಹೇಳಿದೆನಲ್ಲ, ಅದನ್ನು ಮಾತ್ರ ಬರೆಯಬೇಡ” ಎಂದರು.

ಅದನ್ನೂ ಬರೆದಿದ್ದೇನೆ.